ಮನೆಗೆ ಬಂದ ಕೈಗಡಿಯಾರ

ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ: "ನಮಗೆ ಬಿಡಿಭಾಗ ಪೂರೈಸುವ ಕಂಪನಿಯ ಗುತ್ತಿಗೆ ಇತ್ತೀಚೆಗೆ ನವೀಕರಣವಾಯಿತು. ಅದಾದ ಕೆಲವೇ ದಿನಕ್ಕೆ ಅವರಿಂದ ನನ್ನ ಮನೆಗೆ ದುಬಾರಿ ಕೈಗಡಿಯಾರ ಬಂತು. ಅವರ ದರ ಎಲ್ಲರಿಗಿಂತ ಕಡಿಮೆ ಇತ್ತು, ಮಾಲೂ ಚೆನ್ನಾಗಿದೆ. ಗಡಿಯಾರ ಬಂದದ್ದು ತೀರ್ಮಾನ ಆದ ಮೇಲೆ. ಹಾಗಿದ್ದರೆ ತಪ್ಪೇನು? ವಾಪಸ್ ಕಳಿಸಿ ಹಳೆಯ ಸಂಬಂಧ ಕೆಡಿಸಿಕೊಳ್ಳಲೇ? ಮುಂದಿನ ತಿಂಗಳು ಕಾರ್ಖಾನೆ ನೋಡಲು ಕುಟುಂಬ ಸಮೇತ ಕರೆದಿದ್ದಾರೆ, ಹೋಗಬಹುದೇ?"

ಸಂಪಾದಕರ ಉತ್ತರ:

ಗಡಿಯಾರಕ್ಕಾಗಿ ನೀವು ಗುತ್ತಿಗೆ ಕೊಡಲಿಲ್ಲ ಎಂಬ ನಿಮ್ಮ ಮಾತನ್ನು ನಂಬುತ್ತೇವೆ. ತೊಂದರೆ ಇರುವುದು ಮುಂದೆ. ಗುತ್ತಿಗೆಗೆ ಸಹಿ ಬಿದ್ದ ಮೇಲೂ ಖರೀದಿ ವಿಭಾಗದವರು ವರ್ಷವಿಡೀ ಸಣ್ಣಪುಟ್ಟ ತೀರ್ಮಾನ ಮಾಡುತ್ತಲೇ ಇರುತ್ತಾರೆ. ಮಾಲು ಬಂದಿದೆ ಎಂದುಕೊಳ್ಳಿ. ತಪಾಸಣೆಯವರು ಒಂದು ಪೆಟ್ಟಿಗೆ ಬಿಚ್ಚಿ ಅಳತೆ ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸ. ನಿಯಮದ ಪ್ರಕಾರ ಇಡೀ ಲಾಟ್ ರಿಜೆಕ್ಟ್. ಅಷ್ಟರಲ್ಲಿ ಫೋನ್: "ಸಾರ್, ಇದೊಂದ್ಸಲ ಅಡ್ಜಸ್ಟ್ ಮಾಡ್ಕೊಳ್ಳಿ, ಮುಂದಿನ ಲಾಟ್‌ನಲ್ಲಿ ಸರಿ ಮಾಡಿ ಕೊಡ್ತೀವಿ." ಗಡಿಯಾರದ ಮಾತನ್ನು ಆತ ಎತ್ತುವುದಿಲ್ಲ, ಎತ್ತುವ ಅಗತ್ಯವೂ ಇಲ್ಲ. ಬೇರೆ ಸಪ್ಲೈಯರ್ ಆಗಿದ್ದರೆ ಅಂದೇ ಲಾಟ್ ವಾಪಸ್ ಹೋಗುತ್ತಿತ್ತು, ಆ ಮಾಲಿನ ಹಣ ಕಡಿತಗೊಳಿಸುವ ಡೆಬಿಟ್ ನೋಟೂ ಹೊರಡುತ್ತಿತ್ತು. ಇವರ ವಿಷಯದಲ್ಲಿ "ನೋಡೋಣ" ಎಂದು ಬಾಯಿಗೆ ಬರುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಉಡುಗೊರೆ ಕಳಿಸುವವರಿಗೆ ಈ ದಾಕ್ಷಿಣ್ಯ ಚೆನ್ನಾಗಿ ಗೊತ್ತು.

"ನನ್ನ ಮನಸ್ಸು ಅಷ್ಟಕ್ಕೆಲ್ಲ ಬದಲಾಗುವುದಿಲ್ಲ" ಎನ್ನುವಿರಿ. ವೈದ್ಯರೂ ಹಾಗೇ ಹೇಳುತ್ತಿದ್ದರು. ಔಷಧ ಕಂಪನಿಗಳು ಅಮೆರಿಕದ ವೈದ್ಯರಿಗೆ ಕೊಡಿಸಿದ ಊಟದ ಲೆಕ್ಕವನ್ನೂ ಆ ವೈದ್ಯರು ಬರೆದ ಔಷಧಿಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಒಂದು ಊಟದ ಬೆಲೆ ಸರಾಸರಿ 20 ಡಾಲರ್‌ಗಿಂತ ಕಡಿಮೆ. ಕಂಪನಿ ಪ್ರಚಾರ ಮಾಡುತ್ತಿದ್ದ ಬ್ರ್ಯಾಂಡ್ ಔಷಧವನ್ನು, ಅದರ ಹೆಸರಲ್ಲಿ ಒಂದೇ ಒಂದು ಊಟ ಮಾಡಿದ್ದ ವೈದ್ಯರೂ ಊಟ ಮಾಡದವರಿಗಿಂತ ಹೆಚ್ಚು ಬರೆದಿದ್ದರು. ಊಟದಿಂದಲೇ ಹೀಗಾಯಿತು ಎಂದು ಆ ಅಧ್ಯಯನ ಸಾಧಿಸುವುದಿಲ್ಲ. ಆ ಔಷಧವನ್ನು ಮೊದಲೇ ಮೆಚ್ಚಿದವರು ಊಟಕ್ಕೆ ಹೋಗಿರಲೂಬಹುದು. ಆದರೂ ಊಟಕ್ಕೇ ಈ ಅನುಮಾನ ಬರುವುದಾದರೆ ಗಡಿಯಾರದ ಗತಿ ಏನು?

ಅದಕ್ಕೇ ಹಲವು ಕಡೆ ಮನಸ್ಸಾಕ್ಷಿಯ ಬದಲು ಮೊತ್ತಕ್ಕೇ ಗೆರೆ ಎಳೆದಿದ್ದಾರೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ಒಬ್ಬರಿಂದ ಒಂದು ಸಲಕ್ಕೆ 20 ಡಾಲರ್, ವರ್ಷಕ್ಕೆ ಒಟ್ಟು 50 ಡಾಲರ್ ಮೀರದ ಉಡುಗೊರೆ ಪಡೆಯಬಹುದು, ನಗದು ಮಾತ್ರ ಕೂಡದು. ಖಾಸಗಿ ಕಂಪನಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಇಬ್ಬರು ಖಾಸಗಿಯವರ ನಡುವಿನ ವ್ಯವಹಾರಕ್ಕೂ ಅನ್ವಯಿಸುತ್ತದೆ. ಹಿತಮಿತವಾದ ಆತಿಥ್ಯಕ್ಕೆ ಅಲ್ಲೂ ಅಡ್ಡಿಯಿಲ್ಲ.

ನಮ್ಮ ಕಚೇರಿಗೂ ವಿಮರ್ಶೆಗೆಂದು ವಸ್ತುಗಳು ಬರುತ್ತವೆ. ಪುಸ್ತಕ ಇಟ್ಟುಕೊಳ್ಳುತ್ತೇವೆ, ಮೊಬೈಲ್ ವಾಪಸ್ ಕಳಿಸುತ್ತೇವೆ. ಪುಸ್ತಕ ಮಾತ್ರ ಏಕೆ ಎಂದು ಕೇಳಿದರೆ ಅಷ್ಟೇನೂ ಒಳ್ಳೆಯ ಉತ್ತರವಿಲ್ಲ.

ಇನ್ನು ಕಾರ್ಖಾನೆ. ಖಂಡಿತ ಹೋಗಿ; ಖರೀದಿಸುವವರು ಮಾಲು ತಯಾರಾಗುವ ಜಾಗ ನೋಡಲೇಬೇಕು. ಪ್ರಯಾಣ, ವಸತಿಯ ಖರ್ಚು ನಿಮ್ಮ ಕಂಪನಿಯದೇ ಇರಲಿ. ಮಧ್ಯಾಹ್ನ ಅವರ ಕ್ಯಾಂಟೀನಿನಲ್ಲಿ ಉಂಡರೆ ಯಾರೂ ಆಕ್ಷೇಪಿಸುವುದಿಲ್ಲ. ಕುಟುಂಬ ಬೇಡ, ಅವರಿಗೆ ಅಲ್ಲಿ ಅಳತೆ ನೋಡುವ ಕೆಲಸವೇನೂ ಇಲ್ಲ.

ಮೇಲಧಿಕಾರಿಯ ಒಪ್ಪಿಗೆ ಇದ್ದರೆ ಸಾಕು ಎಂದೂ ತಿಳಿಯಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಗಣಿ ಕಂಪನಿ ಬಿಎಚ್‌ಪಿ ಬಿಲಿಟನ್ ಹಲವು ದೇಶಗಳ ಸರ್ಕಾರಿ ಅಧಿಕಾರಿಗಳನ್ನು ತನ್ನ ಖರ್ಚಿನಲ್ಲಿ ಕರೆಸಿಕೊಂಡಿತ್ತು. ಯಾರನ್ನು ಏಕೆ ಕರೆಯಬೇಕು ಎಂದು ಬರೆಯಲು ಅಲ್ಲಿ ಅರ್ಜಿ ನಮೂನೆಯೇ ಇತ್ತು. ನೌಕರರು ಅದನ್ನು ತುಂಬಿಯೂ ಇದ್ದರು. ಆದರೆ ಸಂಬಂಧಪಟ್ಟ ವಿಭಾಗದ ಹೊರಗಿನ ಯಾರೂ ಅದನ್ನು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ಆಕ್ಷೇಪಿಸಿದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಕಂಪನಿ 2015ರಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಿತು.

ಗಡಿಯಾರವನ್ನು ಹೀಗೆ ಕಳಿಸಿ. ಮೊದಲು ಮೇಲಧಿಕಾರಿಗೆ ಇಮೇಲ್ ಹಾಕಿ: ಇಂಥ ದಿನ, ಇಂಥವರಿಂದ, ಇಂಥ ವಸ್ತು ಮನೆಗೆ ಬಂತು, ಹಿಂದಿರುಗಿಸುತ್ತಿದ್ದೇನೆ. ಆಮೇಲೆ ಕಚೇರಿಯಿಂದಲೇ ಕೊರಿಯರ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಜೊತೆಗೆ ಎರಡು ಸಾಲು ಸಾಕು: "ನಿಮ್ಮ ವಿಶ್ವಾಸಕ್ಕೆ ಧನ್ಯವಾದ. ಪೂರೈಕೆದಾರರಿಂದ ಉಡುಗೊರೆ ಪಡೆಯುವ ಪದ್ಧತಿ ನಾವು ಇಟ್ಟುಕೊಂಡಿಲ್ಲ." ಇಲ್ಲಿ "ನಾನು" ಎಂದು ಬರೆಯಬೇಡಿ. "ನಾನು" ಎಂದರೆ ಅವರ ಮುಖಕ್ಕೆ ಹೊಡೆದಂತಾಗುತ್ತದೆ. "ನಾವು" ಎಂದರೆ ನಿಮ್ಮ ಜಾಗಕ್ಕೆ ನಾಳೆ ಬರುವವರಿಗೂ ಅನುಕೂಲ. ಕಂಪನಿಯಲ್ಲಿ ಇಂಥ ಲಿಖಿತ ನಿಯಮ ಇಲ್ಲದಿದ್ದರೆ ಆ ಇಮೇಲ್‌ನಲ್ಲೇ ಒಂದು ಬೇಕೆಂದು ಕೇಳಿ.

ಸಂಬಂಧ ಕೆಡುತ್ತದೆಯೇ? ಅನೇಕ ಸಪ್ಲೈಯರ್‌ಗಳು ಉಡುಗೊರೆ ಕೊಡುವುದು ಪ್ರೀತಿಯಿಂದಲ್ಲ. ಪ್ರತಿಸ್ಪರ್ಧಿ ಕೊಡುತ್ತಾನೆ, ತಾವು ಕೊಡದಿದ್ದರೆ ಬಿಲ್ ಪಾಸ್ ಆಗುವುದಿಲ್ಲವೇನೋ ಎಂಬ ಅಂಜಿಕೆಯಿಂದ. ಆ ಖರ್ಚನ್ನು ಮುಂದಿನ ಕೊಟೇಶನ್ನಿನಲ್ಲಿ ಸೇರಿಸಿಯೂ ಇರುತ್ತಾರೆ. ನೀವು ಹಿಂದಿರುಗಿಸಿದರೆ ಅವರು ಒಳಗೊಳಗೇ ನೆಮ್ಮದಿಯ ನಿಟ್ಟುಸಿರು ಬಿಟ್ಟರೂ ಆಶ್ಚರ್ಯವಿಲ್ಲ. ಗಡಿಯಾರ ಕಳಿಸುವ ದಿನವೇ ಅವರ ಯಾವ ಬಿಲ್ ನಿಮ್ಮ ಮೇಜಿನ ಮೇಲೆ ಬಾಕಿ ಇದೆ ಎಂದೂ ನೋಡಿ. ಗಡುವು ಮೀರಿದ್ದರೆ ಅಂದೇ ಅಕೌಂಟ್ಸ್‌ಗೆ ಕಳಿಸಿ.