ತಮ್ಮನ ರಕ್ತದ ಮಾದರಿಯನ್ನು ಮತ್ತೆ ಪರೀಕ್ಷೆ ಮಾಡಿಸಿದರೆ ಗಾಂಜಾ ಆರೋಪ ಬಿದ್ದುಹೋಗುತ್ತದೆಯೇ?

ಮರುಪರೀಕ್ಷೆಗೆ ಅರ್ಜಿ ಬರೆಯುವ ಮುನ್ನ ನನ್ನ ಕಥೆ ಕೇಳಿ. ಅಪಘಾತವಾಗಿ ಹತ್ತು ತಿಂಗಳ ಮೇಲೆ ಆ ಹಳೆಯ ರಕ್ತವೇ ತಮ್ಮನನ್ನು ಪಾರುಮಾಡುತ್ತದೆ ಎಂದು ನೀವು ನಂಬಿದ್ದೀರಿ. ನಾನೂ ಹಾಗೆಯೇ ನಂಬಿದ್ದೆ.

ಮುಧೋಳದಲ್ಲಿ ಕಬ್ಬಿನ ಲಾರಿ ಓಡಿಸುತ್ತಿದ್ದೆ. ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸರದಿಯಲ್ಲಿ ನಿಲ್ಲಬೇಕು. ಚಿಲುಮೆ ಹತ್ತಿದ್ದು ಅಲ್ಲಿಯೇ. ಲೋಕಾಪುರದ ಹತ್ತಿರ ಒಬ್ಬ ಬೈಕ್ ಸವಾರ ನನ್ನ ಲಾರಿಗೆ ಬಡಿದು ಕಾಲು ಮುರಿದುಕೊಂಡ. ಅಂದು ನಾನು ಸೇದಿರಲಿಲ್ಲ, ಸೇದಿ ನಾಲ್ಕು ದಿನವಾಗಿತ್ತು. ರಕ್ತ ತೆಗೆಯುವಾಗ ವೈದ್ಯರು ಗಾಂಜಾ ಅಭ್ಯಾಸವಿದೆಯೇ ಎಂದು ಕೇಳಿದರು. ಬಾಗಿಲ ಬಳಿ ಅಪ್ಪ ನಿಂತಿದ್ದರು. "ಜೀವಮಾನದಲ್ಲಿ ಮುಟ್ಟಿಲ್ಲ" ಎಂದುಬಿಟ್ಟೆ.

ನನ್ನನ್ನು ಮುಳುಗಿಸಿದ್ದು ಆ ಒಂದು ಮಾತು. ಗಾಂಜಾದ ಅಮಲು ಕೊಡುವ ಟಿಎಚ್‌ಸಿ ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ತುದಿ ಮುಟ್ಟಿ, ಕೆಲವು ಗಂಟೆಗಳಲ್ಲಿ ತೀರಾ ಇಳಿಯುತ್ತದೆ. ಯಕೃತ್ತು ಅದನ್ನು ಕಾರ್ಬಾಕ್ಸಿ ಟಿಎಚ್‌ಸಿಯಾಗಿ ಮಾರ್ಪಡಿಸುತ್ತದೆ. ಇದಕ್ಕೆ ಅಮಲಿಲ್ಲ, ಆದರೆ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಏಕೆಂದರೆ ಕೊಬ್ಬಿನಲ್ಲಿ ಅಡಗಿದ ಟಿಎಚ್‌ಸಿ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ. ನನ್ನ ವರದಿಯಲ್ಲಿ ಇದ್ದದ್ದು ಕಾರ್ಬಾಕ್ಸಿ ಮಾತ್ರ. "ನಾಲ್ಕು ದಿನದ ಹಿಂದೆ ಸೇದಿದ್ದೆ" ಎಂದಿದ್ದರೆ ಅದೇ ವರದಿ ನನ್ನ ಮಾತಿಗೆ ಸಾಕ್ಷಿಯಾಗುತ್ತಿತ್ತು. ಎಂದೂ ಮುಟ್ಟಿಲ್ಲ ಎಂದ ಮೇಲೆ ಅದು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿತು. ಮಾಲೀಕರು ಅಂದೇ ಕೀಲಿ ಕಸಿದುಕೊಂಡರು.

ಆ ಸುಳ್ಳನ್ನು ಉಳಿಸಿಕೊಳ್ಳಲೆಂದೇ ಮರುಪರೀಕ್ಷೆ ಕೇಳಿದೆ. ಕಾರ್ಬಾಕ್ಸಿ ಹಾಗೆಯೇ ಇತ್ತು. ಟಿಎಚ್‌ಸಿ ಇಲ್ಲ ಎಂದು ಬಂತು, ಆದರೆ ಆ "ಇಲ್ಲ"ಕ್ಕೆ ಯಾರೂ ಬೆಲೆ ಕೊಡಲಿಲ್ಲ. ಟಿಎಚ್‌ಸಿ ಪ್ಲಾಸ್ಟಿಕ್ ಗೋಡೆಗೂ ರಬ್ಬರ್ ಮುಚ್ಚಳಕ್ಕೂ ಅಂಟಿಕೊಳ್ಳುತ್ತದೆ, ಕೋಣೆಯ ಬಿಸಿಯಲ್ಲಿ ಕ್ಷಯಿಸುತ್ತದೆ. ಮೈನಸ್ 20 ಡಿಗ್ರಿಯಲ್ಲಿಟ್ಟರೆ ನಷ್ಟ ಕಡಿಮೆ. ಇನ್ನೊಂದು ಅಪಾಯವೂ ಇದೆ: ದೇಹವೇ ಜೋಡಿಸುವ ಗ್ಲುಕುರೋನೈಡ್ ಎಂಬ ಸಕ್ಕರೆಯಂಥ ತುಣುಕಿನ ಜೊತೆ ಬೆಸೆದುಕೊಂಡಿದ್ದ ಕಾರ್ಬಾಕ್ಸಿ, ಶೇಖರಣೆಯಲ್ಲಿ ಬಿಡಿಸಿಕೊಂಡು ಹಳೆಯ ಮಾದರಿಯಲ್ಲಿ ಹೆಚ್ಚಾಗಿಯೂ ಕಾಣಬಹುದು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಗಾಂಜಾ ರಕ್ತದಲ್ಲಿತ್ತೋ ಇಲ್ಲವೋ ಎಂದು ಹೊಡೆದಾಡಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಗೆರೆಯಿದೆ. ಮಾದಕ ವಸ್ತುವಿಗೆ ಅಂಥ ಅಂಕೆ ಇಲ್ಲ. ವಾಹನವನ್ನು ಸರಿಯಾಗಿ ಹಿಡಿತದಲ್ಲಿಡಲಾರದಷ್ಟು ಅಮಲಿತ್ತೇ ಎಂಬುದೇ ಅಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ವೈದ್ಯರು ಅಂದು ಬರೆದ ಹಾಳೆಯಲ್ಲಿರುತ್ತದೆ: ನಡಿಗೆ, ಮಾತು, ಕಣ್ಣಿನ ಪಾಪೆ.

ತಮ್ಮ ಹಿಂದೆ ಸೇದಿದ್ದರೆ ಮೊದಲು ವಕೀಲರಿಗೆ ಹೇಳಲಿ. ಸೇವನೆಯೂ ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್‌ನ 27ನೇ ಕಲಮಿನಡಿ ಅಪರಾಧವೇ, ಅವರನ್ನು ಕೇಳದೆ ಎಲ್ಲಿಯೂ ಬಾಯಿ ಬಿಡುವುದು ಬೇಡ. ವರದಿಯಲ್ಲಿ ಟಿಎಚ್‌ಸಿ, ಕಾರ್ಬಾಕ್ಸಿ ಬೇರೆ ಬೇರೆ ಅಂಕೆಯಾಗಿ ಇವೆಯೇ ನೋಡಿ. ವೈದ್ಯರ ಆ ಹಾಳೆಯ ನಕಲನ್ನು ಈ ವಾರವೇ ಕೇಳಿ. "ನಡಿಗೆ ಸ್ಥಿರ, ಮಾತು ಸ್ಪಷ್ಟ" ಎಂದು ಬರೆದಿದ್ದ ನನ್ನ ಹಾಳೆ ಕೈಗೆ ಸಿಗುವಾಗ ಹದಿನೆಂಟು ತಿಂಗಳಾಗಿತ್ತು, ಲಾರಿ ಬೇರೆಯವರ ಕೈಯಲ್ಲಿತ್ತು.