ಹಾಂಗ್‌ಕಾಂಗ್‌ನಲ್ಲಿ ಮಗುವಿನ ಜಾಣತನಕ್ಕೆ ಅಂಕ

ಮುಂದಿನ ತಿಂಗಳು ಹಾಂಗ್‌ಕಾಂಗ್‌ಗೆ ಬರುತ್ತಿದ್ದೇವೆ, ಮಗನಿಗೆ ಐದು ವರ್ಷ, ಮನೆ, ದಿನಸಿ ಹೇಗೆ ಎಂದು ಕೇಳಿದ್ದೀರಿ. ಶಿಶುವಿಹಾರದಲ್ಲೇ ಮಕ್ಕಳ ಜಾಣತನಕ್ಕೆ ಅಂಕ ಹಾಕುತ್ತಾರಂತೆ, ಹೌದಾ ಎಂದೂ ಕೇಳಿದ್ದೀರಿ.

ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಬೇಳೆ, ಮಸಾಲೆ ಚಿಮ್ ಶಾ ಚುಯಿಯ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ ಸಿಗುತ್ತವೆ. ಆ ಚಿಂತೆ ಬಿಡಿ.

ಅಂಕದ ವಿಷಯ ಹೇಳುತ್ತೇನೆ. ಎಲ್ಲ ಮಕ್ಕಳಿಗೂ ಇದು ಇರುವುದಿಲ್ಲ. ನಮ್ಮ ಮಗಳಿಗೆ ಬಳಸಿದ್ದು 'ಗಿಫ್ಟೆಡ್ ರೇಟಿಂಗ್ ಸ್ಕೇಲ್ಸ್' ಎಂಬ ಫಾರಂ, ಅಂದರೆ ವಿಶೇಷ ಪ್ರತಿಭೆಯ (ಗಿಫ್ಟೆಡ್) ಮಕ್ಕಳನ್ನು ಗುರುತಿಸಲು ಮಾಡಿದ್ದು. 2003ರಲ್ಲಿ ಅಮೆರಿಕದಲ್ಲಿ ಬಂದದ್ದು. ಅದನ್ನು ಚೀನೀ ಭಾಷೆಗೆ ತಂದು ಇಲ್ಲಿನ ಶಿಶುವಿಹಾರದ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ. ಬುದ್ಧಿಶಕ್ತಿ, ಕಲಿಕೆಯ ತಯಾರಿ, ಸೃಜನಶೀಲತೆ, ಕಲೆ, ಕಲಿಯುವ ಹುಮ್ಮಸ್ಸು, ಹೀಗೆ ಐದು ಭಾಗ, ಒಟ್ಟು 60 ಅಂಶ. ಒಂದೊಂದಕ್ಕೂ 1ರಿಂದ 9ರವರೆಗೆ ಅಂಕ. ಹಾಕುವವರು ಟೀಚರ್, ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸಿ.

ನಮಗೆ ಪೆಟ್ಟು ಬಿದ್ದದ್ದು ಅಲ್ಲೇ. ಬಂದ ಹೊಸತರಲ್ಲಿ ಮಗಳಿಗೆ ಇಲ್ಲಿನವರು ಆಡುವ ಚೀನೀ ಭಾಷೆ ಕ್ಯಾಂಟನೀಸ್ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಚಿತ್ರಕ್ಕೆ ಒಳ್ಳೆ ಅಂಕ ಬಂತು, ಬುದ್ಧಿಶಕ್ತಿಗೆ ತೀರಾ ಕಡಿಮೆ. ಟೀಚರ್ ಸುಳ್ಳು ಬರೆಯಲಿಲ್ಲ, ಕಂಡದ್ದನ್ನು ಬರೆದರು. ಆದರೆ ಸಂಜೆ ಫೋನಿನಲ್ಲಿ ಅಜ್ಜಿಗೆ ಅವಳೇ ಕಟ್ಟಿ ಹೇಳುತ್ತಿದ್ದ ಕಥೆಗಳು ಯಾವ ಕಾಲಮ್ಮಿಗೂ ಸೇರಲಿಲ್ಲ. ಈಗ ಅವಳು ಕ್ಯಾಂಟನೀಸ್‌ನಲ್ಲಿ ಭಾಷಣ ಮಾಡುತ್ತಾಳೆ. ಆದರೂ ಆ ನೋವು ನನಗೆ ಹೋಗಿಲ್ಲ.

ಇದು ನಮ್ಮ ಮಕ್ಕಳಿಗೆ ಮಾತ್ರ ಆಗುವುದಲ್ಲ. ಪಕ್ಕದ ಮನೆಯ ಚೀನೀ ಹುಡುಗ ಎಲ್ಲ ಗೊತ್ತಿದ್ದೂ ಕೈ ಎತ್ತುತ್ತಿರಲಿಲ್ಲ. ದೊಡ್ಡವರ ಮುಂದೆ ಮೆರೆಯಬಾರದು ಎಂದು ಮನೆಯಲ್ಲಿ ಕಲಿಸಿದ್ದರು. ನಮ್ಮಲ್ಲೂ ಹಾಗೇ ಅಲ್ವಾ? ಅಂಥ ಮಗುವಿನೊಳಗೆ ಏನಿದೆ ಎಂದು ತಿಳಿಯಲು ಟೀಚರ್‌ಗೆ ಸಮಯ ಬೇಕು.

ಅದಕ್ಕೇ ಮೊದಲು ಕೇಳಿ, ಅಂಕ ಹಾಕುವವರು ಮಗನನ್ನು ಎಷ್ಟು ತಿಂಗಳಿಂದ ನೋಡಿದ್ದಾರೆ ಎಂದು. ಅವನು ಮನೆಯಲ್ಲಿ ಮಾಡುವುದನ್ನು ವಿಡಿಯೋ ಮಾಡಿ ತೋರಿಸಿ. ಪ್ರತಿ ಭಾಗದ ಅಂಕಗಳನ್ನು ಕೂಡಿಸಿ, ಅದೇ ವಯಸ್ಸಿನ ಮಕ್ಕಳಿಗೆ ಹೋಲಿಸುವ ಬೇರೆ ಅಳತೆಗೆ ಬದಲಾಯಿಸುತ್ತಾರೆ. ಆ ಅಳತೆಯಲ್ಲಿ ಸರಾಸರಿ 50. 60 ದಾಟಿದರೂ ಅದು ತೀರ್ಪಲ್ಲ, ಐಕ್ಯೂ ಪರೀಕ್ಷೆಯಂಥದ್ದನ್ನೂ ಮಾಡಿ ನೋಡಬೇಕು ಎಂಬ ಸೂಚನೆ ಅಷ್ಟೇ. ಅಂಥ ಮಕ್ಕಳಿಗೆ ತರಗತಿ ನಡೆಸುವ ಇಲ್ಲಿನ ಗಿಫ್ಟೆಡ್ ಎಜುಕೇಶನ್ ಅಕಾಡೆಮಿ ಶಿಶುವಿಹಾರದ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ಈಗಲೇ ಓಡಬೇಡಿ.

ಮನೆಯಲ್ಲಿ ಕನ್ನಡ ಬಿಡಿ, ಬೇಗ ಕಲಿಯುತ್ತಾನೆ ಎನ್ನುವವರು ಸಿಗುತ್ತಾರೆ. ದಯವಿಟ್ಟು ಬಿಡಬೇಡಿ. ಫಾರಂ ಕೈಗೆ ಬಂದರೆ ತಿಳಿಸಿ, ಒಟ್ಟಿಗೆ ಕೂತು ನೋಡೋಣ.