ಪೆಲೆಟ್ ಬರ್ನರಿನ ಇಗ್ನೈಟರ್ ಸುಟ್ಟಿದೆಯೇ?

ಮಾನ್ಯರೇ, ಉಡುಪಿಯ ನಿಮ್ಮ ಬೇಕರಿಯ ಪೆಲೆಟ್ ಬರ್ನರ್ (ಮರದ ಹುಡಿ ಮುಂತಾದವನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ಉರಿಸುವ ಒಲೆ) ತಾನಾಗಿ ಹೊತ್ತಿಕೊಳ್ಳುತ್ತಿಲ್ಲ, ಕೈಯಿಂದ ಹಚ್ಚಿದರೆ ಮಾತ್ರ ಉರಿಯುತ್ತದೆ, ಇಗ್ನೈಟರ್, ಅಂದರೆ ಕರೆಂಟಿನಿಂದ ಕಾದು ಪೆಲೆಟ್ಟಿಗೆ ಬೆಂಕಿ ಹಚ್ಚುವ ಕಾಯಿಲ್, ಬದಲಿಸಬೇಕೇ ಎಂದು ಕೇಳಿದ್ದೀರಿ. ಹಚ್ಚಿದ ಮೇಲೆ ಉರಿ ಸರಿಯಾಗಿ ನಿಲ್ಲುತ್ತದೆ ಎಂದಾದರೆ ಅನುಮಾನ ಇಗ್ನೈಟರಿನ ಮೇಲೆಯೇ ಬರುತ್ತದೆ. ಆದರೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲದ ಪೆಲೆಟ್ ತೇವ ಹೀರಿಕೊಳ್ಳುವುದರಿಂದ, ಮೊದಲು ಒಂದೆರಡನ್ನು ಮುರಿದು ನೋಡಿ: ಒಣಗಿದ್ದು ಟಕ್ಕೆಂದು ತುಂಡಾಗುತ್ತದೆ, ತೇವದ್ದು ಬೆರಳಲ್ಲೇ ಹುಡಿಯಾಗುತ್ತದೆ.

ಪ್ಲಗ್ ತೆಗೆದು, ಬರ್ನರ್ ಪೂರ್ತಿ ತಣಿದ ಮೇಲೆ, ಇಗ್ನೈಟರಿನ ಎರಡೂ ವಯರುಗಳನ್ನು ಕಳಚಿ ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ ತಡೆ) ಅಳೆಯಿರಿ. 230 ವೋಲ್ಟ್, 300 ವ್ಯಾಟಿನ ಕಾಯಿಲಾದರೆ ಸುಮಾರು 175 ಓಮ್ ತೋರಿಸಬೇಕು. ಬೇರೆ ವ್ಯಾಟಿನದ್ದಾದರೆ 230ರ ವರ್ಗವನ್ನು ಆ ವ್ಯಾಟಿನಿಂದ ಭಾಗಿಸಿ ಲೆಕ್ಕ ಹಾಕಬಹುದು. ಮೀಟರಿನ ಮುಳ್ಳು ಅಲುಗದಿದ್ದರೆ, ಅಥವಾ ಡಿಜಿಟಲ್ ಮೀಟರಿನಲ್ಲಿ ಓಎಲ್ ಎಂದು ಬಂದರೆ, ಒಳಗಿನ ತಂತಿ ತುಂಡಾಗಿದೆ. ಒಂದು ವಯರಿಗೂ ಹೊರಗಿನ ಲೋಹದ ಕವಚಕ್ಕೂ ನಡುವೆ ಓಮ್ ತೋರಿಸಿದರೆ ಇನ್ನೂ ಕೆಟ್ಟದ್ದು. ಅದು ಫ್ಯೂಸ್ ಹಾರಿಸುತ್ತದೆ, ಶಾಕ್ ಕೂಡ ಹೊಡೆಸಬಹುದು.

ಓಮ್ ಸರಿಯಿದ್ದರೆ ಹೊಸದನ್ನು ಕೊಳ್ಳುವ ಮೊದಲು ಪೆಲೆಟ್ ಉರಿಯುವ ಬಟ್ಟಲಿನ ತೂತುಗಳಲ್ಲಿ ಬೂದಿ ಕಟ್ಟಿದೆಯೇ ಎಂದು ನೋಡಿ, ಬಳಿಕ ಬರ್ನರ್ ಚಾಲೂ ಆಗುವಾಗ ಇಗ್ನೈಟರಿಗೆ ಕರೆಂಟ್ ತಲಪುತ್ತಿದೆಯೇ ಎಂಬುದನ್ನು ಇಲೆಕ್ಟ್ರಿಶಿಯನ್ ಕೈಯಲ್ಲೇ ಪರೀಕ್ಷೆ ಮಾಡಿಸಿ.

ಬದಲಿಸುವುದೇ ಆದರೆ ವೋಲ್ಟ್, ವ್ಯಾಟ್, ಉದ್ದ, ದಪ್ಪ ನಾಲ್ಕೂ ಹಳೆಯದಕ್ಕೆ ಹೊಂದಬೇಕು. ಬಿಚ್ಚುವ ಮೊದಲೇ ಅದು ಎಷ್ಟು ಒಳಗೆ ಕೂತಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಜೋಡಣೆಗೆ ಪಿಂಗಾಣಿ ಕನೆಕ್ಟರನ್ನೇ ಬಳಸಿ. ಪ್ಲಾಸ್ಟಿಕ್ ಟೇಪ್ ಸುತ್ತಿ, ಅದು ಕರಗಿ ಅಂಟಾಗಿ, ಎರಡನೆಯ ಸಲ ಬಿಚ್ಚುವಾಗ ಅರ್ಧ ದಿನ ಕಳೆದುಕೊಂಡವನು ನಾನು.